ಮೇಕೆಯ ಪಾಲು

ಬೆಳಗಿನ ಚಹಾದ ಲೋಟ ತುಟಿಗಿಡುವಾಗ ಹಂಜುವಿಗೆ ಮತ್ತೆ ಅದೇ ವಾಸನೆ ಬಂತು. ನುಸಿಗುಳಿಗೆಯ ವಾಸನೆ. ಸೋಪು ಹಚ್ಚಿ ಹಚ್ಚಿ ತೊಳೆದ ಕೈ. ಆದರೂ ಬೆರಳ ಸಂದಿಯಲ್ಲಿ ಅದು, ಹೊರಡು ಅಂದರೂ ಹೊರಡದ ನೆಂಟನ ಹಾಗೆ ಕೂತೇ ಇತ್ತು. ಜೋಧಪುರದ ಹರ್ಬೇರಿಯಂನಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಹೊಲಿಸಿ, ಊರು ಹೆಸರು ಬರೆದು, ಕಬ್ಬಿಣದ ಕಪಾಟಿನಲ್ಲಿಟ್ಟು ಕಾಯುವ ಕೆಲಸಕ್ಕೆ ಸೇರಿದಂದಿನಿಂದ ಅವಳು ಈ ವಾಸನೆಯ ಜೊತೆಗೇ ಉಂಡಿದ್ದಾಳೆ, ಮಲಗಿದ್ದಾಳೆ, ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಾಳೆ. ತಲೆ ಅರ್ಧ ನರೆಯುವವರೆಗೂ ಅದು ಅವಳ ಮೂಗಿಗೆ ತಟ್ಟಿರಲಿಲ್ಲ. ತಟ್ಟತೊಡಗಿದ್ದು ಈ ಭಾದ್ರಪದದಲ್ಲಿ, ತವರೂರಿನ ಬಯಲಿನಲ್ಲಿ, ಚಿಕ್ಕಮ್ಮ ಧಾಪು ಕಾಕಿ ಎಲ್ಲರೆದುರು ಆ ಮಾತು ಆಡಿದ ಮೇಲೆ. ಹಂಜು ಕುಕ್ಕರಗಾಲಲ್ಲಿ ಕೂತು, ಕೈ ಚಾಚಿ, ಚಿಕ್ಕಂದಿನ ಹಾಗೆ ನಾಲಿಗೆ ಲೊಚಗುಟ್ಟಿ ಮೇಕೆಗಳನ್ನು ಕರೆದಿದ್ದಳು. ಬಂದವು, ಮೂಸಿದವು, ಮೂತಿ ತಿರುಗಿಸಿಕೊಂಡು ಹೋದವು. "ಹುಳದ ಮದ್ದಿನ ವಾಸ್ನೆ ಹೊಡೀತೈತೆ ಕಣೇ ಹಂಜುಡಿ ನಿನ್ನ ಕೈ, ಯಾವ ಮೇಕೆ ಬಂದೀತು?" ಎಂದು ಕಾಕಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಒಂಟೆಯ ಕಾಲಡಿ ಆಡಿ ಬೆಳೆದ ದೇವಾಸಿ ಕುಲದ ಮಗಳ ಕೈಗೆ ಮೇಕೆ ಬರಲಿಲ್ಲ. ಉಳಿದವರ ಜೊತೆ ಹಂಜುವೂ ನಕ್ಕಳು. ಅಲ್ಲಿ ಬೇರೇನು ಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

ಆಫೀಸಿನ ಮೆಟ್ಟಿಲಲ್ಲೇ ಸಿಂಘವಿ ಸಾಹೇಬರು ಸಿಕ್ಕಿದರು. ಹರ್ಬೇರಿಯಂನ ಮುಖ್ಯಸ್ಥರು, ಕೆಟ್ಟವರೇನಲ್ಲ, ಆದರೆ ಬಂದ ಅತಿಥಿಗಳಿಗೆಲ್ಲ ಅವಳನ್ನು "ನಮ್ಮ ಒಂಟೆ ಡಾಕ್ಟರು" ಎಂದೇ ಪರಿಚಯಿಸುತ್ತಾರೆ, ಅತಿಥಿಗಳು ಅವಳು ಪಶುವೈದ್ಯೆ ಎಂದುಕೊಂಡು ತಮ್ಮ ನಾಯಿಯ ಕಾಯಿಲೆ ಹೇಳಲು ಶುರು ಮಾಡುತ್ತಾರೆ.

"ಡಾಕ್ಟರ್ ದೇವಾಸಿ, ಇವತ್ತು ಸಂಜೆ ಆ ಕಾಗದ ಹೋಗ್ಲೇಬೇಕು. ಜಿಲ್ಲಾ ಕಚೇರಿಯಿಂದ ಮತ್ತೆ ಫೋನು."

"ಕೊಡ್ತೀನಿ ಸರ್."

"ಏನಂತ ಕೊಡ್ತೀರಿ?"

"ಇನ್ನೂ ನೋಡ್ತಾ ಇದೀನಿ ಸರ್."

"ನೋಡೋದೇನ್ರೀ ಅದರಲ್ಲಿ? ಹಾಳೆ ಇದ್ರೆ ಗಿಡ ಇದೆ. ಹಾಳೆ ಇಲ್ಲ ಅಂದ್ರೆ ಗಿಡ ಇಲ್ಲ. ಹೊಸದಾಗಿ ಬಂದ ಹುಡುಗೀರಿಗೆ ನೀವೇ ತಾನೆ ಇದನ್ನ ಬಾಯಿಪಾಠ ಮಾಡಿಸೋದು?"

ಹೌದು, ಅವಳೇ. ಕಪಾಟಿನಲ್ಲಿ ಹಾಳೆಯಿಲ್ಲದ ಗಿಡ ಬರಿಯ ಬಾಯಿಮಾತು ಎಂದು ಎಷ್ಟು ಹುಡುಗಿಯರಿಗೆ ಹೇಳಿಲ್ಲ! ಫೋಟೋ ತಂದು ತೋರಿಸಿದವರನ್ನು, "ಇದು ನಿಮ್ಮಜ್ಜಿ ಹಿತ್ತಲಲ್ಲಿ ತೆಗೆದದ್ದಲ್ಲ ಅಂತ ನಂಗೇನು ಗೊತ್ತು?" ಎಂದು ಕೇಳಿ ಅಳಿಸಿದ್ದೂ ಉಂಟು. ಈಗ ಅವಳದೇ ಫೋನಿನಲ್ಲಿ, ತವರಿನಲ್ಲಿ ಕಂಡ ಪಿಂಪಾ ಎಂಬ ಅಪರೂಪದ ಗಿಡದ ಫೋಟೋ ಇತ್ತು, ತೆಗೆದು ತೋರಿಸುವ ಮುಖವಿಲ್ಲ. ಕಾಗದದಲ್ಲಿ ಕೇಳಿರುವುದು ಒಂದೇ ಪ್ರಶ್ನೆ. ಅವಳ ತವರೂರಿನಾಚೆ ಬಿಸಿಲಿನಿಂದ ಕರೆಂಟು ಮಾಡುವ ಗಾಜಿನ ಹಲಗೆಗಳನ್ನು ನೆಡಲು ಒಂದು ಕಂಪನಿ ನೆಲ ಕೇಳಿದೆ. ಆ ನೆಲದಲ್ಲಿ ಅಪರೂಪದ ಗಿಡ ಯಾವುದಾದರೂ ದಾಖಲಾಗಿದೆಯೇ? ನಕ್ಷೆಯಲ್ಲಿ ಅದು ಪಾಳು. ಊರವರ ಬಾಯಲ್ಲಿ ಅದು ಜುಂಜಾರ್‌ಜಿಯ ಓರಣ್, ದೇವರ ಹೆಸರಿಗೆ ಬಿಟ್ಟ ಮೇವಿನ ನೆಲ. ದನಗಳ್ಳರ ಜೊತೆ ಕಾದು, ತಲೆ ಹೋದ ಮೇಲೂ ಮುಂಡದಲ್ಲೇ ಓಡಿದವನಂತೆ ಜುಂಜಾರ್‌ಜಿ. ತಲೆ ಬಿದ್ದಲ್ಲಿಂದ ಮುಂಡ ಬಿದ್ದಲ್ಲಿವರೆಗೆ ಎಷ್ಟು ನೆಲವೋ ಅಷ್ಟೂ ಅವನದು. ಸಾಯುವ ಗಡಿಬಿಡಿಯಲ್ಲಿ ಪಟ್ಟಾ ಮಾಡಿಸಿಕೊಳ್ಳುವುದನ್ನು ಪಾಪ ಮರೆತ. ಹಾಗಾಗಿ ಈಗ ಆ ನೆಲ ಉಳಿಯುವುದು ಅಳಿಯುವುದು ಹಂಜುವಿನ ಒಂದು ಸಾಲಿನ ಮೇಲೆ ನಿಂತಿತ್ತು. "ದಾಖಲಾಗಿದೆ" ಎಂದು ಬರೆದರೆ ಗುದ್ದಲಿ ನಿಲ್ಲುತ್ತದೆ, ತನಿಖೆಯವರು ಬರುತ್ತಾರೆ, ಊರವರ ಮಾತಿಗೂ ಒಂದು ಬೆಲೆ ಬರುತ್ತದೆ. "ಇಲ್ಲ" ಎಂದರೆ ಮುಗಿಯಿತು. ಅವಳಿಗೆ ಬೇಕಾಗಿದ್ದದ್ದು ಒಂದು ಹಾಳೆ ಮಾತ್ರ.

ಕಪಾಟು ತೆರೆದು ಪಿಂಪಾದ ಹಳೆಯ ಹಾಳೆಗಳನ್ನು ಮೇಜಿನ ಮೇಲೆ ಹರಡಿದಳು. ಇದ್ದದ್ದೇ ಮೂರು. ಮೂರೂ ಬೇರೆ ಕಡೆಯ ನೆಲದವು, ಮೂರೂ ಅವಳು ಹುಟ್ಟುವ ಮೊದಲಿನವು, ಮೂರೂ ಕಂದು ಬಣ್ಣಕ್ಕೆ ತಿರುಗಿ, ಒಣಗಿದ ಗೋರಿಕಾಯಿಯ ಹಾಗೆ ಸುರುಟಿಕೊಂಡಿದ್ದವು. ಎಲೆಯಿಲ್ಲದ, ಬೆರಳುದ್ದದ, ನಾಲ್ಕು ಏಣಿನ ರಸಭರಿತ ಕಡ್ಡಿ ಅದು. ಮರಳಿನಲ್ಲಿ ಸೇವಣ ಹುಲ್ಲಿನ ಬುಡ ಸೇರಿಕೊಂಡು ಬೆಳೆಯುತ್ತದೆ, ಕಂಡವರಿಗೇ ಕಾಣುವಂಥದ್ದು. ಚಿಕ್ಕವಳಿದ್ದಾಗ ಮಳೆ ಬಿದ್ದ ಮೇಲೆ ಹುಡುಗಿಯರೆಲ್ಲ ಹುಲ್ಲು ಸರಿಸಿ ಸರಿಸಿ ಹುಡುಕುತ್ತಿದ್ದರು. ಉಪ್ಪು ಮೆಣಸಿನಪುಡಿ ಸವರಿ ಸಜ್ಜೆರೊಟ್ಟಿಯ ಜೊತೆ ಕಚ್ಚುವುದು. ಆಗ ಅದು ಎಲ್ಲೆಲ್ಲೂ ಇತ್ತು, ಓರಣ್‌ನೊಳಗೆ ಕೈ ಹಾಕುವ ಗರಜೇ ಬೀಳುತ್ತಿರಲಿಲ್ಲ. ರುಚಿ ಹೇಗಿತ್ತು? ಹುಳಿಯೋ ಕಹಿಯೋ? ಹಂಜು ನಾಲಿಗೆಯನ್ನು ಅಂಗುಳಿಗೆ ಒತ್ತಿ ನೆನಪಿಸಿಕೊಳ್ಳಲು ನೋಡಿದಳು. ಅಲ್ಲಿ ಚಹಾದ ಸಿಹಿ ಬಿಟ್ಟರೆ ಏನೂ ಇರಲಿಲ್ಲ. ಮೂರನೆಯ ಹಾಳೆಯ ಮೂಲೆಯಲ್ಲಿ ಯಾರೋ ಸತ್ತುಹೋದ ಪುಣ್ಯಾತ್ಮ ಮುದ್ದಾದ ಅಕ್ಷರದಲ್ಲಿ ಬರೆದಿದ್ದ: ಒಣಗಿಸುವ ಮುನ್ನ ಕುದಿನೀರಿನಲ್ಲಿ ಅದ್ದಲಾಗಿದೆ. ಆ ಸಾಲಿನ ಮೇಲೆ ಕಣ್ಣು ಬಿದ್ದದ್ದೇ ತಡ, ಅವಳು ಆ ಹಾಳೆಯನ್ನು ಮಗುಚಿಟ್ಟಳು.

ಯಾಕೆಂದರೆ ಊರಿನಿಂದ ತಂದ ಪಿಂಪಾದ ಕಡ್ಡಿಯನ್ನು ಅವಳು ಅದ್ದಿರಲಿಲ್ಲ. ರಸವಿರುವ ಗಿಡವನ್ನು ಹಾಗೇ ಕಾಗದದ ನಡುವೆ ಇಟ್ಟು ಬಿಗಿದರೆ ಅದು ಬೇಗ ಸಾಯುವುದಿಲ್ಲ, ಸತ್ತರೆ ಕೊಳೆಯುತ್ತದೆ. ಆದ್ದರಿಂದ ಮೊದಲು ಕುದಿನೀರು ತೋರಿಸಿ ಕೊಲ್ಲಬೇಕು, ಆಮೇಲೆ ಪ್ರೆಸ್ಸಿನ ಹಲಗೆಗಳ ನಡುವೆ ಇಟ್ಟು ಪಟ್ಟಿ ಬಿಗಿಯಬೇಕು, ದಿನಾ ಒದ್ದೆ ಕಾಗದ ಬದಲಿಸಬೇಕು. ಇದು ಮೊದಲ ವಾರ ಸೇರಿದ ಹುಡುಗಿಗೂ ಗೊತ್ತಿರುವ ಮಾತು. ಊರಿನಿಂದ ಬಂದ ದಿನ ಹಂಜು ಹಿಂದಿನ ಕೋಣೆಯ ಹೀಟರಿನ ಮೇಲೆ ಪಾತ್ರೆ ಇಟ್ಟಿದ್ದಳು. ನೀರು ಮೊದಲು ಸಣ್ಣಗೆ ಹಾಡಿತು, ಆಮೇಲೆ ಕೊತಕೊತ ಕುದಿಯಿತು. ಚಿಮಟದಲ್ಲಿ ಹಿಡಿದ ಪಿಂಪಾದ ಮೇಲೆ ಹಬೆ ಬಂದು ಕೂತು ಹನಿಗಟ್ಟಿತು. ಚಿಮಟ ಕೆಳಗಿಳಿಯಲಿಲ್ಲ. ಏನಾಯಿತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಜೀವಮಾನವಿಡೀ ಗಿಡ ಕೊಂದು ಸಂಬಳ ತಿಂದವಳಿಗೆ ಇದೆಂಥ ಮರುಕ? ನಾಳೆ ಅದ್ದಿದರಾಯಿತು ಎಂದು ಸ್ವಿಚ್ಚು ಆರಿಸಿ, ಹಾಗೇ ಕಾಗದದಲ್ಲಿಟ್ಟು ಪಟ್ಟಿ ಬಿಗಿದು, ತನ್ನ ಕೋಣೆಯ ಕಪಾಟಿನ ಹಿಂದಿನ ಕತ್ತಲೆಗೆ ತಳ್ಳಿದಳು. ನಾಳೆ ಬರಲಿಲ್ಲ. ನವರಾತ್ರಿ ಬಂತು, ದೀಪಾವಳಿ ಬಂತು, ಮಕ್ಕಳು ಬಂದು ಹೋದರು. ಒಂದು ದಿನ ದಾಟಿದ ಮೇಲೆ ಕಾಗದ ಬದಲಿಸಲು ನಾಚಿಕೆಯಾಯಿತು, ವಾರ ದಾಟಿದ ಮೇಲೆ ಹೆದರಿಕೆಯಾಯಿತು. ತೆಗೆದರೆ ಬೂಷ್ಟು ಹಿಡಿದ ಮುದ್ದೆಯೊಂದು ಕಂಡೀತು, ಜುಂಜಾರ್‌ಜಿಯ ನೆಲದ್ದನ್ನು ತಂದು ಕೊಳೆಸಿದವಳು ನೀನು ಎಂದು ಅದು ಅಂದೀತು. ತೆಗೆಯದಿದ್ದರೆ ಅದು ಇನ್ನೂ ಸರಿಯಾಗಿರಬಹುದು ಎಂಬ ಆಸೆಯಾದರೂ ಉಳಿಯುತ್ತದೆ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಹಂಜು ಅವರ ಚರ್ಮ ಸುಲಿಯುತ್ತಿದ್ದಳು.

"ಮೇಡಂಜಿ, ಊಟ."

ಬಾಗಿಲಲ್ಲಿ ಫರ್ಜಾನಾ ನಿಂತಿದ್ದಳು, ಗಿಡಗಳನ್ನು ಹಾಳೆಗೆ ಹೊಲಿಯುವವಳು. ಮದುವೆಯ ಲೆಹೆಂಗಾಗಳಿಗೆ ಜರಿ ಹೊಲಿಯುತ್ತಿದ್ದ ಕೈ ಅದು. ಈಗ ಒಣಹುಲ್ಲಿಗೆ ಹೊಲಿಗೆ ಹಾಕುತ್ತದೆ, ಬಾಯಿ ಮಾತ್ರ ಮದುವೆಮನೆಯಲ್ಲೇ ಉಳಿದುಬಿಟ್ಟಿದೆ. ಇಬ್ಬರೂ ಡಬ್ಬಿ ಬಿಚ್ಚಿದರು. ಫರ್ಜಾನಾ ತನ್ನ ಡಬ್ಬಿಯ ಕೇರ್‌ಸಾಂಗ್ರಿ ಪಲ್ಯವನ್ನು ಹಂಜುವಿನ ರೊಟ್ಟಿಯ ಮೇಲೆ ಕೇಳದೆಯೇ ಬಡಿಸಿದಳು.

"ನಿಮ್ಮ ಕಪಾಟಿನ ಹಿಂದೆ ಇರೋ ಪ್ರೆಸ್ಸು ಯಾರ್ದು ಮೇಡಂಜಿ? ಬೆಳಿಗ್ಗೆ ಕಸ ಹೊಡೆಸುವಾಗ ನೋಡ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಂಜುವಿನ ಕೈ ತುತ್ತಿನ ಸಮೇತ ನಿಂತಿತು. "ಯಾಕೆ? ಏನಾಗಿದೆ ಅದಕ್ಕೆ?"

"ನಂಗೇನು ಗೊತ್ತು. ಪಟ್ಟಿ ಬಿಗಿದಿದೆ, ಆದ್ರೆ ಹಲಗೆ ಒಂದು ಕಡೆ ಎದ್ದಂಗಿದೆ. ಇಲಿ ಸೇರ್ಕೊಂಡಿರಬೇಕು. ನಾನಂತೂ ಮುಟ್ಟಲ್ಲಪ್ಪ, ಇಲಿ ಅಂದ್ರೆ ನಂಗೆ ನಮ್ಮತ್ತೆಗಿಂತ ಭಯ."

"ಇಲಿ ಏನಿಲ್ಲ. ನಾನೇ ನೋಡ್ತೀನಿ ಬಿಡು."

"ಮುಖ ಯಾಕೆ ಹಂಗೆ ಬಿಳಿಚ್ಕೊಂಡಿದೆ? ಸಾಹೇಬ್ರು ಮತ್ತೆ ಒಂಟೆ ಅಂದ್ರಾ?"

ಹಂಜು ತುತ್ತನ್ನು ಬಾಯಿಗಿಟ್ಟಳು. ಹಲಗೆ ಎದ್ದಿದೆಯೆಂದರೆ ಒಳಗೆ ಕೊಳೆತು ಉಬ್ಬಿದೆ, ಅಷ್ಟೇ. ಕೇರ್ ಕಾಯಿಯ ಹುಳಿ ನಾಲಿಗೆಗೆ ಹತ್ತಿತು. ಕಾಕಿ ಆ ದಿನ ಇದೇ ಪಲ್ಯ ಕಟ್ಟಿಕೊಂಡು ಬಂದಿದ್ದಳು, ಓರಣ್‌ನ ಅಂಚಿನಲ್ಲಿ ಜಾಳ ಮರದ ನೆರಳಿಗೆ ಕೂತು ತಿಂದದ್ದು. ಸಾಲಾಗಿ ಐದು ಹೆಣ್ಣು ಹುಟ್ಟಿದ ಮೇಲೆ, ಇನ್ನು ಸಾಕು ದೇವರೇ ಎಂದು ಇಟ್ಟ ಹೆಸರು ಧಾಪು. ಸಾಕೆಂದು ಹೆಸರಿಟ್ಟವರನ್ನೆಲ್ಲ ಸಾಗಹಾಕಿ, ಎಂಬತ್ತರ ಹತ್ತಿರದಲ್ಲಿ ಮುದುಕಿ ಇನ್ನೂ ಮೇಕೆಯ ಹಿಂದೆ ಓಡುತ್ತಾಳೆ. ಊಟ ಮುಗಿದ ಮೇಲೆ ಅವಳೇ ಹಂಜುವಿನ ಕೈ ಹಿಡಿದು ಒಂದು ಹುಲ್ಲಿನ ಗುತ್ತಿಯ ಹತ್ತಿರ ಕರೆದೊಯ್ದು, ಕೋಲಿನಿಂದ ಹುಲ್ಲು ಸರಿಸಿದಳು. "ನೋಡು. ನಿನ್ನ ಪಿಂಪಾ." ಬೂದುಹಸಿರಿನ ಕಡ್ಡಿಗಳು, ಬೆರಳುಗಳ ಹಾಗೆ ಮರಳಿನಿಂದ ಎದ್ದು ನಿಂತಿದ್ದವು. ಹಾಳೆಯ ಮೇಲೆ ಸಾವಿರ ಸಲ ನೋಡಿದ್ದ ಗಿಡ. ಅದಕ್ಕೆ ಹಸಿರು ಬಣ್ಣ ಇದೆಯೆಂಬುದನ್ನೇ ಅವಳು ಮರೆತುಬಿಟ್ಟಿದ್ದಳು. ನೋಡುತ್ತಿದ್ದಂತೆಯೇ ಕೈ ಚೀಲದೊಳಗೆ ಹೋಗಿ ಕತ್ತರಿ ತೆಗೆಯಿತು. ಅಭ್ಯಾಸ.

ಕಾಕಿ ಕೋಲನ್ನು ಅಡ್ಡ ಹಿಡಿದಳು. "ಏಯ್. ಏನದು ಕೈಯಾಗೆ?"

"ಒಂದೇ ಕಡ್ಡಿ ಕಾಕಿ. ಹಾಳೆ ಮಾಡಕ್ಕೆ. ಈ ನೆಲ ಉಳಿಸ್ಬೇಕು ಅಂದ್ರೆ ಅದು ಬೇಕೇ ಬೇಕು."

"ನೆಲ ಉಳಿಸಾಕೆ ನೆಲದ ಕುತ್ತಿಗೆ ಕುಯ್ತೀಯಾ? ಇಲ್ಲಿ ಹಲ್ಲುಜ್ಜೋಕೆ ಅಂತ ಒಂದು ಕಡ್ಡಿ ಮುರಿದವ್ರಿಲ್ಲ. ಹೆಣ ಸುಡಾಕೂ ಸೌದೆ ಹೊರಗಿಂದ ತರ್ತೀವಿ. ನಿಮ್ಮಪ್ಪನ ಹೆಣಕ್ಕೆ ಎಲ್ಲಿಂದ ತಂದ್ರು, ಮರೆತ್ಯಾ?"

"ಮೇಕೆ ಮೇಯ್ತವಲ್ಲ ಮತ್ತೆ!"

"ಮೇಕೆಗೇ ಅಂತ್ಲೇ ಬಿಟ್ಟಿರೋದು. ಅದರ ಬಾಯಿಗೆ ಹಕ್ಕೈತೆ. ನಿನ್ನ ಕತ್ರಿಗೆ ಯಾವ ಹಕ್ಕು?"

ಹಂಜು ಕತ್ತರಿ ಒಳಗಿಟ್ಟಳು. ಅತ್ತ ದರಿ, ಇತ್ತ ಪುಲಿ. ಮುರಿದರೆ ಊರಿನ ಕಟ್ಟು ಮುರಿದಂತೆ, ಮುರಿಯದಿದ್ದರೆ ನೆಲವೇ ಹೋಗುತ್ತದೆ. ಓದಿದವಳು ತಾನು, ಕಾಕಿಗೆ ತಿಳಿಯದಂತೆ ನಾಳೆ ಬಂದು ಮುರಿದುಕೊಂಡರೆ ಯಾರು ಕೇಳುತ್ತಾರೆ ಎಂದೂ ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಕ್ಕೆ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಲಾಡ್ಕಿ ಬಂದಿತು. ಲಾಡ್ಕಿ ಕಾಕಿಯ ಮುದ್ದಿನ ಮೇಕೆ, ಒಂದು ಕಿವಿ ಹರಿದದ್ದು, ತನ್ನದು ಪರರದು ಎಂಬ ಭೇದವಿಲ್ಲದ ಹೊಟ್ಟೆ. ಇಬ್ಬರು ಹೆಂಗಸರು ಮಾತಿನಲ್ಲಿರುವುದನ್ನು ನೋಡಿ ನಡುವೆ ನುಗ್ಗಿ, ಪಿಂಪಾಕ್ಕೆ ಬಾಯಿ ಹಾಕಿ ಒಂದು ಗೊಂಚಲನ್ನು ಕಿತ್ತೇಬಿಟ್ಟಿತು. ಕಾಕಿ ಕೋಲೆಸೆದು ಅದರ ದವಡೆ ಹಿಡಿದಳು. ಮೇಕೆ ಒದೆಯಿತು, ಕಾಕಿ ಬೈದಳು, ಬೆರಳು ಬಾಯೊಳಗೆ ತೂರಿಸಿದಳು, ಮರಳೆಲ್ಲ ಎದ್ದಿತು. ಕೊನೆಗೆ ಜೊಲ್ಲು ಸುರಿಯುತ್ತಿದ್ದ ಒಂದು ಕಡ್ಡಿ ಹೊರಗೆ ಬಂತು, ಬುಡದಲ್ಲಿ ಹಲ್ಲಿನ ಗುರುತು. ಅದನ್ನು ಸೆರಗಿಗೆ ಒರೆಸಿ ಹಂಜುವಿನ ಅಂಗೈ ಮೇಲಿಟ್ಟು ಏದುಸಿರು ಬಿಟ್ಟಳು: "ತಗೋ. ಇದು ಮೇಕೆ ಪಾಲು, ಮೇಕೆ ಕೊಟ್ಟೈತೆ. ನಾನೂ ಮುರಿದಿಲ್ಲ, ನೀನೂ ಮುರಿದಿಲ್ಲ." ಆಮೇಲೆ ಜುಂಜಾರ್‌ಜಿಯ ವೀರಗಲ್ಲಿನ ಕಡೆಗೆ ತಿರುಗಿ, ಕೇಳಿಸ್ತಾ, ಎಂಬಂತೆ ಒಮ್ಮೆ ಕೈ ಮುಗಿದಳು. ಲಾಡ್ಕಿ ಮಾತ್ರ ಕದಲದೆ ನಿಂತು, ಬಾಯಿಗೆ ಬಂದ ತುತ್ತು ಯಾರ ಪಾಲಾಯಿತೆಂದು ಹಂಜುವನ್ನೇ ನೋಡುತ್ತಿತ್ತು.

ಆ ನೋಟ ನೆನಪಾದಾಗ ಹಂಜು ತನ್ನ ಕೋಣೆಯಲ್ಲಿ, ಮೇಜಿನೆದುರು, ಪೆನ್ನು ಹಿಡಿದು ಕೂತಿದ್ದಳು. ಬಿಸಿಲು ಕಿಟಕಿಯಿಂದ ಇಳಿದು ಕಪಾಟಿನ ಕಾಲಿನವರೆಗೆ ಬಂದಿತ್ತು. ಕಾಗದದ ಮೇಲೆ ಅವಳದೇ ಅಕ್ಷರ: ಸದರಿ ಜಮೀನಿನಲ್ಲಿ ಯಾವುದೇ ಅಪರೂಪದ ಸಸ್ಯ ದಾಖಲಾಗಿರುವುದು… ಅಲ್ಲಿಗೆ ನಿಂತಿತ್ತು. ಇನ್ನೊಂದು ಪದ ಬರೆದರೆ ಮನೆಗೆ ಹೋಗಬಹುದು. ಯಾರೂ ಬೈಯುವುದಿಲ್ಲ. ಸಿಂಘವಿ ಸಾಹೇಬರು ಒಳ್ಳೆಯ ಕೆಲಸ ಅಂದಾರು. ಊರಿನಲ್ಲಿ ಹಲಗೆಗಳು ಎದ್ದಾವು, ಸೇವಣ ಹುಲ್ಲಿನ ಜಾಗದಲ್ಲಿ ಗಾಜು ಹೊಳೆದೀತು, ಕಾಕಿ ಬೇಲಿಯಾಚೆ ಮೇಕೆಗಳಿಗೆ ಏನು ಹೇಳಬೇಕೆಂದು ತಿಳಿಯದೆ ನಿಂತಾಳು. ಮತ್ತೆ ಆ ಮುದುಕಿ ಫೋನು ಮಾಡಿ ಬೈಯುವುದೂ ಇಲ್ಲ, ಅದೇ ದೊಡ್ಡ ಕಷ್ಟ. ನಮ್ಮ ಹಂಜುಡಿ ಕೈಲಾದ್ದು ಮಾಡಿರ್ತಾಳೆ ಅಂದುಕೊಂಡು ಸುಮ್ಮನಾಗುತ್ತಾಳೆ. ಕೈಲಾದದ್ದು! ಕೈಲಾಗಿದ್ದರೆ ಕುದಿನೀರಿಗೆ ಅದ್ದುತ್ತಿದ್ದಳು, ಕಾಗದ ಬದಲಿಸುತ್ತಿದ್ದಳು, ಇಷ್ಟು ಹೊತ್ತಿಗೆ ಹಾಳೆ ಕಪಾಟಿನಲ್ಲಿರುತ್ತಿತ್ತು. ಹಂಜು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. ಇಲ್ಲ ಎಂದು ಬರೆಯುವುದೇ ಆದರೆ, ಕೊಳೆತದ್ದನ್ನು ಕಣ್ಣಾರೆ ನೋಡಿ ಬರೆಯಬೇಕು. ಅಷ್ಟು ಮರ್ಯಾದೆಯನ್ನಾದರೂ ಲಾಡ್ಕಿಗೆ ತೋರಿಸಬೇಕು.

"ಫರ್ಜಾನಾ! ಬಾ ಇಲ್ಲಿ."

"ಇಲಿ ಹಿಡಿಯೋಕಾ?"

"ಹೂಂ. ಬಾ."

ಇಬ್ಬರೂ ಸೇರಿ ಪ್ರೆಸ್ಸನ್ನು ಬೆಳಕಿಗೆಳೆದರು. ಫರ್ಜಾನಾ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಒಂದು ಕಾಲು ಹಿಂದಿಟ್ಟು, ಓಡಲು ಸಿದ್ಧಳಾಗಿ ನಿಂತಳು. ಹಂಜು ಪಟ್ಟಿಯ ಕೊಂಡಿ ಬಿಚ್ಚಿದಳು. ಮೊದಲು ಮೂಗು ಮುಂದೆ ಮಾಡಿದಳು, ಕೊಳೆತ ವಾಸನೆಗೆ. ಅಂಥದ್ದೇನೂ ಬರಲಿಲ್ಲ. ಮೇಲಿನ ಹಲಗೆ ತೆಗೆದಳು, ದಪ್ಪ ಕಾಗದ ತೆಗೆದಳು, ಹಳೆಯ ಪತ್ರಿಕೆಯ ಮಡಿಕೆಯನ್ನು ಒಂದು ತುದಿಯಿಂದ ಮೆಲ್ಲಗೆ ಎತ್ತಿದಳು. ಮೇಕೆ ಕಚ್ಚಿದ ಕಡ್ಡಿ ಇದ್ದಲ್ಲೇ ಇತ್ತು, ಸುಕ್ಕಾಗಿ, ಸೊರಗಿ, ಅರ್ಧ ಒಣಗಿ. ಆದರೆ ಅದರ ಪಕ್ಕೆಯಿಂದ ಬೆಳ್ಳಗಿನದೊಂದು ಚಿಗುರು ಹೊರಟಿತ್ತು. ಪತ್ರಿಕೆಯ ಅಂಚಿಗುಂಟ, ಭಾರದ ಕೆಳಗೇ, ಬೆಳಕು ಎಲ್ಲಿದೆಯೆಂದು ತಡಕಾಡಿ, ಹಲಗೆಯನ್ನು ಅಷ್ಟಷ್ಟೇ ಎತ್ತಿ, ಸಂದಿಯವರೆಗೆ ಬಂದುಬಿಟ್ಟಿತ್ತು. ಬೆಳಕು ತಾಗಿದ ತುದಿ ಮಾತ್ರ ಹಸಿರಾಗಿತ್ತು. ಆ ಹಸಿರಿನ ಕೆಳಗೆ ಎರಡು ಹೂವು, ಮೂಗುಬೊಟ್ಟಿನಷ್ಟು, ಮಂಕು ನೇರಳೆಯವು, ಅರಳಿದ್ದವು.

"ಯಾ ಅಲ್ಲಾ," ಎಂದಳು ಫರ್ಜಾನಾ. ಆಮೇಲೆ, "ಇದನ್ನ ನೀವು ಕೊಂದೇ ಇರ್ಲಿಲ್ವಾ ಮೇಡಂಜಿ?"

"ಇಲ್ಲ ಕಣೆ. ಆಗ್ಲಿಲ್ಲ ನನ್ ಕೈಲಿ."

ಹೇಳಿದ ಮೇಲೆ ಅವಳಿಗೆ ಅಳು ಬಂತು. ಇಷ್ಟು ದಿನ ಕಾಗದ ಬದಲಿಸಲಿಲ್ಲ, ನೀರು ಕೊಡಲಿಲ್ಲ, ಗಾಳಿ ಕೊಡಲಿಲ್ಲ. ಸತ್ತಿರುತ್ತೆ ಎಂದು ಹೆದರಿ ಮುಖ ತಿರುಗಿಸಿಕೊಂಡು ಓಡಾಡಿದಳು. ಅದು ಅವಳ ಹೆದರಿಕೆಗೆ ಕ್ಯಾರೇ ಅನ್ನದೆ ತನ್ನ ಪಾಡಿಗೆ ತಾನು ಬದುಕಿತ್ತು. ಅವಳ ಸೋಮಾರಿತನವನ್ನೂ ತನ್ನ ಅನುಕೂಲಕ್ಕೇ ಮಾಡಿಕೊಂಡಿತ್ತು. ಫರ್ಜಾನಾ ತನ್ನ ದುಪಟ್ಟಾದ ತುದಿಯನ್ನು ಅವಳ ಮುಂದೆ ಹಿಡಿದಳು, ಹಂಜು ಅದರಲ್ಲೇ ಮೂಗೊರೆಸಿಕೊಂಡಳು.

"ಈಗ?" ಎಂದಳು ಫರ್ಜಾನಾ. "ಇದನ್ನ ನಾನು ಹೊಲಿಯೋದು ಹೆಂಗೆ? ಸೂಜಿ ಚುಚ್ಚಿದ್ರೆ ನೀರು ಬರುತ್ತೆ."

ಈಗ. ಹಾಳೆಯಾಗಬೇಕಾದರೆ ಸಾಯಲೇಬೇಕು. ಹೂವಿಲ್ಲದೆ ಯಾರೂ ಇದನ್ನು ಪಿಂಪಾ ಎಂದು ಒಪ್ಪುವುದಿಲ್ಲ, ಇಂಥ ಕಡ್ಡಿಗಳು ಬೇರೆಯೂ ಇವೆ. ಹಂಜು ಹಳೆಯ ಕಡ್ಡಿಯನ್ನು ನೋಡಿದಳು, ಹೊಸ ಚಿಗುರನ್ನು ನೋಡಿದಳು. ಹಳೆಯದು ಮೇಕೆಯ ಪಾಲು, ಮೇಕೆ ಕೊಟ್ಟದ್ದು, ಅದಕ್ಕೆ ಕಾಕಿಯ ಸಾಕ್ಷಿ ಇದೆ. ಚಿಗುರು? ಜುಂಜಾರ್‌ಜಿಯ ನೆಲದಲ್ಲಿ ಹುಟ್ಟಿದ್ದಲ್ಲ, ಈ ನುಸಿಗುಳಿಗೆಯ ಕತ್ತಲೆಯಲ್ಲಿ ಹುಟ್ಟಿದ್ದು. ಇದರ ಮೇಲೆ ಮಾತ್ರ ತನಗೂ ಒಂದು ಚೂರು ಹಕ್ಕಿರಬಹುದು, ಒಂದು ಹೂವಿನಷ್ಟು. ಲೆಕ್ಕ ಸರಿಯೋ ತಪ್ಪೋ, ತಲೆಯಿಲ್ಲದವನ ಹತ್ತಿರ ಕೇಳುವುದು ಹೇಗೆ? ಎದ್ದು ಹೀಟರಿಗೆ ಸ್ವಿಚ್ಚು ಹಾಕಿದಳು. ಚಿಗುರನ್ನು ಬುಡದ ಹತ್ತಿರ, ಅದು ಹಳೆಯ ಕಡ್ಡಿಯಿಂದ ಹೊರಟಲ್ಲಿ, ಕತ್ತರಿಸಿದಳು. ಎರಡು ಹೂವುಗಳಲ್ಲಿ ಒಂದನ್ನು ಬಿಡಿಸಿ ಹಾಳೆಗೆಂದು ಕಾಗದದ ಪೊಟ್ಟಣದಲ್ಲಿಟ್ಟಳು, ಒಂದನ್ನು ಚಿಗುರಿನ ಮೇಲೇ ಬಿಟ್ಟಳು. ನೀರು ಹಾಡಿತು, ಕುದಿಯಿತು. ಮೇಕೆ ಕಚ್ಚಿದ ಕಡ್ಡಿಯನ್ನು ಚಿಮಟದಲ್ಲಿ ಹಿಡಿದು, ತಪ್ಪಾಯ್ತು ಎಂದು ಮನಸ್ಸಿನಲ್ಲೇ ಹೇಳಿ, ಈ ಸಲ ಅದ್ದಿದಳು. ಎರಡು ತಿಂಗಳ ಹಿಂದೆ ಇದನ್ನು ಅದ್ದಿದ್ದರೆ ಒಂದು ಗಿಡ ಸಾಯುತ್ತಿತ್ತು. ಈಗ ಒಂದು ಹಳೆಯ ಕಡ್ಡಿ ಮಾತ್ರ.

ಫರ್ಜಾನಾ ಇಸ್ತ್ರಿಪೆಟ್ಟಿಗೆ ತಂದು, ಕಾಗದಗಳ ನಡುವೆ ಇಟ್ಟು, ಈದ್‌ನ ಕುರ್ತಾಕ್ಕೆ ಮಾಡುವಷ್ಟು ಮುತುವರ್ಜಿಯಿಂದ ಕಡ್ಡಿಯನ್ನು ಒತ್ತಿ ಒಣಗಿಸಿದಳು. ಹೊಲಿಯುವಾಗ, "ಹಲ್ಲಿನ ಗುರುತಿನ ಮೇಲೆ ದಾರ ಬರಬಾರದು," ಎಂದು ಹಂಜು ಎಚ್ಚರಿಸಿದಳು. "ಗೊತ್ತು ಬಿಡಿ, ಅದೇ ತಾನೆ ಇದರ ಜರಿ," ಎಂದಳು ಫರ್ಜಾನಾ.

ಸಿಂಘವಿ ಸಾಹೇಬರು ಹೊರಡಲೆಂದು ಚೀಲ ಹೆಗಲಿಗೆ ಹಾಕಿಕೊಂಡಿದ್ದವರು ಹಾಳೆಯನ್ನು ನೋಡಿ ಚೀಲ ಇಳಿಸಿದರು. ಭೂತಗನ್ನಡಿ ಹಿಡಿದು ಹೂವನ್ನು ನೋಡಿದರು, ಕಡ್ಡಿಯ ಏಣುಗಳನ್ನು ನೋಡಿದರು, ಮತ್ತೆ ಹೂವಿಗೆ ಬಂದರು. ಆಮೇಲೆ ಬಾಗಿ ಚೀಟಿ ಓದಿದರು, ಹುಬ್ಬು ಮೇಲೆ ಹೋಯಿತು.

"ಸಂಗ್ರಹಿಸಿದವರು, ಲಾಡ್ಕಿ, ಮೇಕೆ. ಬಾಯಿಂದ ಬಿಡಿಸಿದವರು ಧಾಪು ದೇವಾಸಿ. ಏನ್ರೀ ಇದು, ಹರ್ಬೇರಿಯಂ ಹಾಳೆನೋ ದೊಡ್ಡಿ ರಸೀದಿನೋ?"

"ನಡೆದದ್ದು ಹಾಗೇ ಸರ್. ಬುಡ ನೋಡಿ, ಹಲ್ಲಿನ ಗುರುತಿದೆ. ಕತ್ತರಿಯದ್ದಲ್ಲ. ಹೂವು ಅರಳಿದ್ದು ಇಲ್ಲೇ, ಪ್ರೆಸ್ಸಿನಲ್ಲಿ. ನಾನು ಕುದಿನೀರಿಗೆ ಹಾಕ್ದೆ ಹಾಗೇ ಇಟ್ಟುಬಿಟ್ಟಿದ್ದೆ. ಅದನ್ನೂ ಬರ್ದಿದೀನಿ, ಕೆಳಗಿದೆ."

"ನೀವು?" ಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ನೀವು ಹಾಕ್ಲಿಲ್ವಾ?"

"ಹಾಕ್ಲಿಲ್ಲ ಸರ್."

ಈ ಮಾತಿಗಾಗಿ ಅವಳು ಎರಡು ತಿಂಗಳು ಹೆದರಿ ಸತ್ತಿದ್ದಳು. ಆಡಿದ ಮೇಲೆ ಅದು ಇಷ್ಟೇ ಇತ್ತು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು.

"ಅದು ನಿಮ್ಮ ತವರೂರು. ನಾಳೆ ಕಂಪನಿಯವ್ರು, ಈ ಹೆಂಗಸು ತವರಿನ ಜಮೀನು ಉಳಿಸ್ಕೊಳ್ಳೋಕೆ ಎಲ್ಲಿಂದ್ಲೋ ತಂದು ಹೊಲ್ದಿದಾಳೆ ಅಂದ್ರೆ?"

"ಅನ್ನಲಿ ಸರ್. ಬಂದು ನೋಡ್ಲಿ. ಗಿಡ ಇನ್ನೂ ಅಲ್ಲೇ ಇದೆ, ನಾನೇ ಕರ್ಕೊಂಡು ಹೋಗ್ತೀನಿ. ಆದ್ರೆ ಒಳಗೆ ಹೋಗೋವಾಗ ಕತ್ತರಿ ಆಚೆ ಇಟ್ಟು ಬರ್ಬೇಕು. ನಂಗೂ ಬಿಡ್ಲಿಲ್ಲ ಅವರು."

ಸಾಹೇಬರು ಮತ್ತೆ ಹಾಳೆ ನೋಡಿದರು. ಅವರ ಮುಖದಲ್ಲಿ ನಗು ಎಲ್ಲಿಂದ ಶುರುವಾಯಿತೋ, ಕಿವಿಯವರೆಗೆ ಹೋಯಿತು. "ಒಂಟೆ ಡಾಕ್ಟ್ರು ಅಂದ್ಕೊಂಡಿದ್ದೆ, ಮೇಕೆ ವಕೀಲರೂ ಆದ್ರಿ," ಎಂದು ಡ್ರಾಯರಿನಿಂದ ಮೊಹರು ತೆಗೆದು, ಬಾಯಿಂದ ಹಾ ಎಂದು ಅದರ ಮೇಲೆ ಉಸಿರು ಬಿಟ್ಟು, ಹಾಳೆಯ ಮೂಲೆಗೆ ಒತ್ತಿದರು. ಹಂಜು ಅಲ್ಲೇ ನಿಂತು ಅರ್ಧಕ್ಕೆ ನಿಂತಿದ್ದ ಕಾಗದವನ್ನು ಹರಿದು, ಹೊಸದು ಬರೆದು, ಸಹಿ ಹಾಕಿದಳು. ದಾಖಲಾಗಿದೆ.

ಸಂಜೆ ಅವಳು ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ, ಫರ್ಜಾನಾಳ ಊಟದ ಡಬ್ಬಿಯಲ್ಲಿ ಮರಳು ತುಂಬಿ ಊರಿದ್ದ ಚಿಗುರು, ಒಂದೇ ಹೂವನ್ನು ಹೊತ್ತು ವಾಲಿಕೊಂಡಿತ್ತು. ಫೋನು ಹಚ್ಚಿದಳು. ಆ ಕಡೆಯಿಂದ ಮೊದಲು ಮೇಕೆಗಳ ಗಲಾಟೆ, ಆಮೇಲೆ ಕಾಕಿಯ ಕಿರುಚಲು ದನಿ. ಫೋನಿನಲ್ಲಿ ಮಾತಾಡುವಾಗ ಕಾಕಿ ಊರಿಂದ ಜೋಧಪುರಕ್ಕೆ ಕೂಗಿ ಹೇಳುವಂತೆಯೇ ಮಾತಾಡುತ್ತಾಳೆ.

"ಲಾಡ್ಕಿ ಹೆಸ್ರು ಸರ್ಕಾರಿ ಕಾಗ್ದದಾಗಾ? ಅಯ್ಯೋ ನಿನ್ ಮನೆ ಹಾಳಾಗ! ಇನ್ನು ಅದನ್ನ ಹಿಡಿಯೋರ್ಯಾರು? ಮತ್ತೆ ನೆಲ?"

"ಸದ್ಯಕ್ಕೆ ನಿಲ್ತು ಕಾಕಿ. ನೋಡೋಕೆ ಜನ ಬರ್ತಾರೆ. ಬಂದವ್ರಿಗೆ ನೀನೇ ತೋರಿಸ್ಬೇಕು."

"ತೋರಿಸ್ತೀನಿ. ಕೋಲು ಹಿಡ್ಕೊಂಡೇ ತೋರಿಸ್ತೀನಿ."

"ಇನ್ನೊಂದು ಐತೆ ಕಾಕಿ. ಆ ಕಡ್ಡಿ ಸತ್ತಿರ್ಲಿಲ್ಲ. ಚಿಗುರಿತ್ತು. ಚಿಗುರು ನನ್ನ ಹತ್ರಾನೇ ಐತೆ, ಜೀವ ಐತೆ."

ಆ ಕಡೆ ಮೇಕೆಗಳ ಗಂಟೆ ಕೇಳಿಸಿತು. ಆಮೇಲೆ ಕಾಕಿ ಕೂಗದೆ, ಹತ್ತಿರ ಕೂತವಳ ಹಾಗೆ ಮೆಲ್ಲಗೆ ಹೇಳಿದಳು: "ಹಂಗಾದ್ರೆ ತಗೊಂಡು ಬಾ. ಎಲ್ಲಿಂದ ಹೋಯ್ತೋ ಅಲ್ಲೇ ಊರಾನ. ಬಾಯಾಗಿದ್ದದ್ದು ಕಿತ್ತುಕೊಂಡೆ ಅಂತ ಅವತ್ತಿಂದ ಆ ಲಾಡ್ಕಿ ನನ್ ಮುಖ ನೋಡಾಕಿಲ್ಲ. ಬೆಳೀಲಿ, ಬೆಳೆದ್ಮ್ಯಾಲೆ ಅದೇ ತಿನ್ಲಿ." ಮತ್ತೆ ಹಳೆಯ ಗಂಟಲಿನಲ್ಲಿ: "ಬರಾಕೆ ಮುಂಚೆ ಕೈ ಚಂದಾಗಿ ತೊಳ್ಕೊಂಡು ಬಾ ಹಂಜುಡಿ!"

ಹಂಜು ಬಲಗೈಯನ್ನು ಮೂಗಿನ ಹತ್ತಿರ ತಂದಳು. ಚಿಗುರು ಕತ್ತರಿಸಿದಾಗ ಹತ್ತಿದ ರಸ ಬೆರಳ ಮೇಲೆ ಒಣಗಿ ಅಂಟಂಟಾಗಿತ್ತು. ನುಸಿಗುಳಿಗೆಯ ವಾಸನೆ ಅಲ್ಲೇ ಎಲ್ಲೋ ಕೆಳಗೆ ಇತ್ತು, ಅದರ ಮೇಲೆ ಹಸಿ ವಾಸನೆ. ಹರ್ಬೇರಿಯಂನಲ್ಲಿ ಬೆರಳನ್ನು ಬಾಯಿಗೆ ತಾಗಿಸಬಾರದು, ವಿಷವಿರುತ್ತದೆ. ಇದೂ ಅವಳೇ ಬಾಯಿಪಾಠ ಮಾಡಿಸಿದ್ದು. ಆದರೂ ನಾಲಿಗೆಯ ತುದಿಯನ್ನು ಒಂದಿಷ್ಟೇ ಇಷ್ಟು ತಾಗಿಸಿದಳು. ಮೊದಲು ಕಹಿ. ಆಮೇಲೆ, ಎಷ್ಟೋ ದೂರದಿಂದ ಓಡಿಬಂದಂತೆ, ಹುಳಿ.

"ಇಲ್ಲ ಕಾಕಿ," ಎಂದಳು. "ಇವತ್ತು ತೊಳೆಯಲ್ಲ."